ತಪ್ಪು ನಾಣ್ಯ ಹುಡುಕಬೇಕಾ? ಮೊದಲು ಸರಿ ನಾಣ್ಯ ಓದೋದು ಕಲಿಯಿರಿ

ಎರರ್ ಕಾಯಿನ್, ಅಂದರೆ ನಾಣ್ಯ ತಯಾರಿಸುವ ಟಂಕಸಾಲೆಯಲ್ಲೇ ತಪ್ಪಾಗಿ ಬಂದ ನಾಣ್ಯ, ಹುಡುಕೋಕೆ ಜಾಸ್ತಿ ದುಡ್ಡು ಬೇಡ. ದಾವಣಗೆರೆಯಂಥ ಊರಲ್ಲಿ ದಿನಾ ಕೈಗೆ ಬರುವ ಚಿಲ್ಲರೆಯೇ ಸಾಕು. ಬೇಕಾಗಿರೋದು ಕಣ್ಣು, ತಾಳ್ಮೆ ಮತ್ತು ಒಂದಿಷ್ಟು ತಿಳಿವಳಿಕೆ. ಆ ತಿಳಿವಳಿಕೆ ಇಲ್ಲದಿದ್ದರೆ ಸವೆದ ನಾಣ್ಯ, ಯಾರೋ ಸುತ್ತಿಗೆಯಲ್ಲಿ ಬಡಿದ ನಾಣ್ಯ, ದುಬೈನಿಂದ ಬಂದ ನೆಂಟರು ಕೊಟ್ಟ ಮಾಮೂಲಿ ನಾಣ್ಯ, ಎಲ್ಲವೂ ಅಪರೂಪದ್ದೇ ಅನಿಸುತ್ತೆ. ವಾಟ್ಸಾಪ್‌ನಲ್ಲಿ ದಿನಾ ಬರುವ 'ಇದು ಎಷ್ಟು ಲಕ್ಷಕ್ಕೆ ಹೋಗುತ್ತೆ ಸಾರ್' ಅನ್ನೋ ಫೋಟೊಗಳಲ್ಲಿ ಬಹುಪಾಲು ಇಂಥವೇ.

ನಾನು ಹೊಸಬರಿಗೆ ಹೇಳೋದು ಇಷ್ಟೇ. ತಪ್ಪು ಯಾವುದು ಅಂತ ಗೊತ್ತಾಗಬೇಕಾದರೆ ಸರಿ ಯಾವುದು ಅಂತ ಮೊದಲು ಗೊತ್ತಿರಬೇಕು. ಸರಿ ಅನ್ನೋದು ದೇಶದಿಂದ ದೇಶಕ್ಕೆ ಬೇರೆ, ನಮ್ಮಲ್ಲೇ ವರ್ಷದಿಂದ ವರ್ಷಕ್ಕೆ ಬೇರೆ. ಅದಕ್ಕೇ ಎರರ್ ಕಾಯಿನ್ ಕೂಡಿಸೋದು, ಬೇರೆ ಬೇರೆ ದೇಶದ ನಾಣ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡೋದು, ಇವೆರಡನ್ನೂ ಒಟ್ಟಿಗೇ ಶುರು ಮಾಡಿ.

ಚಿಲ್ಲರೆ ಎಲ್ಲಿ ಸಿಗುತ್ತೆ

ಮಂಡಕ್ಕಿ ಅಂಗಡಿ, ಟೀ ಅಂಗಡಿ, ಸಿಟಿ ಬಸ್ಸಿನ ಕಂಡಕ್ಟರ್, ಮಂಡಿಪೇಟೆಯ ಹೋಲ್‌ಸೇಲ್ ಅಂಗಡಿ. ಇವರ ಹತ್ತಿರ ಚಿಲ್ಲರೆ ತಿರುಗುತ್ತಲೇ ಇರುತ್ತೆ. ಆದರೆ ಒಂದು ಸೂಕ್ಷ್ಮ ಇದೆ. 1 ಮತ್ತು 2 ರೂಪಾಯಿ ಚಿಲ್ಲರೆ ಕೇಳಿದರೆ ಅಂಗಡಿಯವರು ಮುಖ ಗಂಟು ಹಾಕ್ತಾರೆ, ಅವರಿಗೇ ಬೇಕಾಗಿರುತ್ತೆ ಅಲ್ವಾ. 10 ರೂಪಾಯಿ ನಾಣ್ಯ ಕೇಳಿ ನೋಡಿ, 'ತಗೊಂಡ್ ಹೋಗ್ರಿ ಅಣ್ಣಾರ' ಅಂತ ಡಬ್ಬಿನೇ ಮುಂದೆ ಇಡ್ತಾರೆ. ಗಿರಾಕಿಗಳು ಅದನ್ನು ಮುಟ್ಟೋಕೇ ಹೆದರೋದರಿಂದ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತೆ. ಆ ಹೆದರಿಕೆಗೆ ಅರ್ಥ ಇಲ್ಲ, ಅದನ್ನು ಮುಂದೆ ಹೇಳ್ತೀನಿ. ಸಂಗ್ರಹ ಮಾಡುವವರಿಗೆ ಮಾತ್ರ ಅದು ವರ. ಎರಡು ಲೋಹದ ನಾಣ್ಯದಲ್ಲಿ ತಪ್ಪಾಗೋ ಜಾಗಗಳೂ ಜಾಸ್ತಿ.

ಬ್ಯಾಂಕಿನಲ್ಲಿ 100 ನಾಣ್ಯದ ಪ್ಲಾಸ್ಟಿಕ್ ಚೀಲ ಕೇಳಬಹುದು. ಕ್ಯಾಷಿಯರ್‌ಗೆ ಪುರುಸೊತ್ತು ಇರುವ ಹೊತ್ತು ನೋಡಿ ಹೋಗಿ, ತಿಂಗಳ ಮೊದಲ ವಾರ ಬೇಡ. ದುಗ್ಗಮ್ಮನ ಜಾತ್ರೆ, ನಾಯಕನಹಟ್ಟಿ ಜಾತ್ರೆ ಮುಗಿದ ಮೇಲೆ ಹುಂಡಿ ಎಣಿಕೆಯ ಚಿಲ್ಲರೆ ಬ್ಯಾಂಕಿಗೆ ಬರುತ್ತೆ, ಆಗ ಹಳೆ ನಾಣ್ಯ ಸಿಗುವ ಸಂಭವ ಜಾಸ್ತಿ. ಎಷ್ಟೋ ವರ್ಷ ದೇವರ ಮನೆಯ ಡಬ್ಬಿಯಲ್ಲಿದ್ದ ನಾಲ್ಕಾಣೆ, ಎಂಟಾಣೆ ಎಲ್ಲ ಜನ ಹುಂಡಿಗೇ ಹಾಕೋದು. ನಾಲ್ಕಾಣೆ ಅಂದರೆ 25 ಪೈಸೆ, ಅದು ಮತ್ತು ಅದಕ್ಕಿಂತ ಸಣ್ಣವು 2011ರ ಜೂನ್ 30ಕ್ಕೆ ಚಲಾವಣೆಯಿಂದ ಹೋದವು. 50 ಪೈಸೆ ಕಾನೂನು ಪ್ರಕಾರ ಈಗಲೂ ನಡೆಯುತ್ತೆ, ಅಂಗಡಿಯಲ್ಲಿ ನಡೆಯಲ್ಲ ಅಷ್ಟೇ.

ಬೇಕಾದ ಸಾಮಾನು

ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ 10 ಪಟ್ಟು ದೊಡ್ಡದು ಮಾಡುವ ಲೂಪ್ ಒಂದು. ಗ್ರಾಮಿನ ನೂರನೇ ಭಾಗದವರೆಗೆ ತೋರಿಸುವ ಪಾಕೆಟ್ ತಕ್ಕಡಿ ಒಂದು. ಸಣ್ಣ ಅಯಸ್ಕಾಂತ, ಸ್ಕೇಲು, ಮೊಬೈಲ್ ಟಾರ್ಚು. ಟಾರ್ಚನ್ನು ನೇರವಾಗಿ ಮೇಲಿಂದ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ಬಿರುಕು, ಉಬ್ಬು ಎಲ್ಲ ಆಗಲೇ ಎದ್ದು ಕಾಣೋದು.

ನಾಣ್ಯ ತೊಳೆಯಬೇಡಿ. ಹುಣಸೆಹಣ್ಣು ಬೇಡ, ಪೀತಾಂಬರಿ ಬೇಡ, ಟೂತ್‌ಪೇಸ್ಟ್ ಅಂತೂ ಬೇಡವೇ ಬೇಡ. ತಾಮ್ರದ ನಾಣ್ಯ ಫಳಫಳ ಹೊಳೆದರೆ ಮನೆಯವರಿಗೆ ಖುಷಿ ಆಗಬಹುದು, ಕೊಳ್ಳುವವನು ಒಂದೇ ನೋಟಕ್ಕೆ ಕೆಳಗಿಡ್ತಾನೆ. ಕೊಳೆ ತೀರಾ ಜಾಸ್ತಿ ಇದ್ದರೆ ಬರೀ ನೀರಲ್ಲಿ ಅದ್ದಿ, ಉಜ್ಜದೆ, ಮೆತ್ತನೆ ಬಟ್ಟೆಯ ಮೇಲೆ ಒಣಗಿಸಿ.

ತಪ್ಪು ಹುಟ್ಟೋದು ಎಲ್ಲಿ

ನಾಣ್ಯ ಹೇಗೆ ತಯಾರಾಗುತ್ತೆ ಅಂತ ಗೊತ್ತಿಲ್ಲದೆ ಎರರ್ ಕಾಯಿನ್ ಗುರುತಿಸೋಕೆ ಆಗಲ್ಲ. ಉದ್ದನೆ ಲೋಹದ ಪಟ್ಟಿಯಿಂದ ದುಂಡನೆ ಬಿಲ್ಲೆಗಳನ್ನು ಕತ್ತರಿಸ್ತಾರೆ, ಪೂರಿ ಹಿಟ್ಟು ಲಟ್ಟಿಸಿ ಬಟ್ಟಲಿಂದ ಒತ್ತಿ ಗುಂಡಗೆ ತೆಗೆಯುವ ಹಾಗೆ. ಬಿಲ್ಲೆಯನ್ನು ಕಾಯಿಸಿ ಮೆತ್ತಗೆ ಮಾಡ್ತಾರೆ, ಅಂಚನ್ನು ಒತ್ತಿ ಎತ್ತರಿಸ್ತಾರೆ. ಆಮೇಲೆ ಎರಡು ಡೈಗಳ ನಡುವೆ ಇಟ್ಟು ಒಂದೇ ಏಟು. ಡೈ ಅಂದರೆ ಅಚ್ಚು, ಮೇಲೊಂದು ಕೆಳಗೊಂದು. ಲೋಹ ಪಕ್ಕಕ್ಕೆ ಹರಡದಂತೆ ಸುತ್ತ ಒಂದು ಉಕ್ಕಿನ ಬಳೆ ಇರುತ್ತೆ, ಅದನ್ನು ಕಾಲರ್ ಅಂತಾರೆ. ಅಂದರೆ ಕೆಡೋ ಜಾಗ ಮೂರೇ: ಬಿಲ್ಲೆ, ಡೈ, ಏಟು. ನಾಣ್ಯ ಕೈಗೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದ್ದು, ಇದು ಈ ಮೂರರಲ್ಲಿ ಯಾವುದರ ತಪ್ಪು? ಉತ್ತರ ಸಿಗದಿದ್ದರೆ ಅದು ಟಂಕಸಾಲೆಯಿಂದ ಹೊರಗೆ ಬಂದ ಮೇಲೆ ಯಾರೋ ಮಾಡಿದ ಕಿತಾಪತಿ ಅಂದುಕೊಳ್ಳಿ, ಹೆಚ್ಚಿನ ಸಲ ಅದೇ ಸರಿ ಇರುತ್ತೆ.

ಬಿಲ್ಲೆಯ ತಪ್ಪಿನಿಂದ ಶುರು ಮಾಡೋಣ. ಪಟ್ಟಿ ಸರಿಯಾಗಿ ಮುಂದೆ ಸರಿಯದೆ, ಮೊದಲೇ ಕತ್ತರಿಸಿದ ತೂತಿನ ಮೇಲೆ ಮತ್ತೆ ಕತ್ತರಿ ಬಿದ್ದರೆ ಬಿಲ್ಲೆಯ ಒಂದು ಕಡೆ ಕಚ್ಚಿ ತಿಂದ ಹಾಗೆ ಬಾಗಿದ ತುಂಡು ಹೋಗಿರುತ್ತೆ. ಇದನ್ನು ಕ್ಲಿಪ್ ಅಂತಾರೆ. ಮನೆಯಲ್ಲಿ ಕೂತು ಅರದಿಂದ ಉಜ್ಜಿ ಕ್ಲಿಪ್ ಮಾಡೋ ಬುದ್ಧಿವಂತರೂ ಇದ್ದಾರೆ. ಅಸಲಿ ಯಾವುದು ಅಂತ ತಿಳಿಯೋಕೆ ತುಂಡಾದ ಜಾಗ ನೋಡಬೇಡಿ, ಅದರ ನೇರ ಎದುರಿನ ಅಂಚು ನೋಡಿ. ಅಸಲಿಯಲ್ಲಿ ಆ ಎದುರು ಅಂಚು ಸಾಮಾನ್ಯವಾಗಿ ಮಂಕಾಗಿ, ಚಪ್ಪಟೆಯಾಗಿ ಇರುತ್ತೆ. ಯಾಕಂದ್ರೆ ಬಿಲ್ಲೆಯ ಅಂಚು ಎತ್ತರಿಸುವ ಯಂತ್ರದಲ್ಲಿ ಒಂದು ಕಡೆ ಲೋಹವೇ ಇಲ್ಲದಾಗ ಎದುರು ಕಡೆಗೂ ಒತ್ತಡ ಸಿಕ್ಕಿರಲ್ಲ. ತುಂಡಿನ ಪಕ್ಕದ ಅಕ್ಷರಗಳೂ ಆ ಕಡೆಗೆ ಎಳೆದ ಹಾಗೆ ತೆಳ್ಳಗಾಗಿರುತ್ತವೆ. ಅರದಿಂದ ಉಜ್ಜಿದ ನಾಣ್ಯದಲ್ಲಿ ಇದ್ಯಾವುದೂ ಇರಲ್ಲ, ಅಕ್ಷರ ಸ್ವಚ್ಛವಾಗಿ ಕತ್ತರಿಸಿ ಹೋಗಿರುತ್ತೆ.

ಬೇರೆ ಬೆಲೆಯ ಬಿಲ್ಲೆ ನುಗ್ಗಿದರೆ ತೂಕದಲ್ಲಿ ಗೊತ್ತಾಗುತ್ತೆ. ಇಲ್ಲೇ ತುಂಬಾ ಜನ ಎಡವೋದು. ರೂಪಾಯಿ ಚಿಹ್ನೆ ಇರುವ 2011ರ ಸಾಲಿನ 1 ರೂಪಾಯಿ 22 ಮಿಲಿಮೀಟರ್, 3.79 ಗ್ರಾಂ. 2 ರೂಪಾಯಿ 25 ಮಿಲಿಮೀಟರ್, 4.85 ಗ್ರಾಂ. ಆದರೆ 2007ರಲ್ಲಿ ಬಂದ, ಹೆಬ್ಬೆರಳು ತೋರಿಸುವ 1 ರೂಪಾಯಿಯೂ ಅದೇ 25 ಮಿಲಿಮೀಟರ್, ಅದೇ 4.85 ಗ್ರಾಂ! 2019ರ ಸಾಲು ಬಂದ ಮೇಲೆ 1 ರೂಪಾಯಿ 20 ಮಿಲಿಮೀಟರ್‌ಗೆ, 3.09 ಗ್ರಾಂಗೆ ಇಳಿಯಿತು, 2 ರೂಪಾಯಿ 23ಕ್ಕೆ, 4.07 ಗ್ರಾಂಗೆ ಬಂತು. 5 ರೂಪಾಯಿ ಮಾತ್ರ 23ರಿಂದ 25ಕ್ಕೆ ಬೆಳೆಯಿತು. ಇದು ಗೊತ್ತಿಲ್ಲದವರು ಸಣ್ಣ 2 ರೂಪಾಯಿ ನೋಡಿ '1 ರೂಪಾಯಿ ಬಿಲ್ಲೆ ಮೇಲೆ 2 ರೂಪಾಯಿ ಅಚ್ಚು' ಅಂತ ಕೂಗಾಡ್ತಾರೆ. ನಾಣ್ಯದ ಇಸವಿ ನೋಡಿ, ಆ ಇಸವಿಯ ತೂಕ ಅಳತೆ ನೋಡಿ, ಆಮೇಲೆ ಮಾತಾಡಿ.

ಬಿಳಿ 5 ರೂಪಾಯಿಯೂ ಹೀಗೇ. ಈಗಿನ 5 ರೂಪಾಯಿ ಹಳದಿ, ಹಾಗಾಗಿ ಬಿಳಿಯದು ಸಿಕ್ಕರೆ ಲೋಹ ತಪ್ಪಿದೆ ಅನಿಸುತ್ತೆ. 2007ರ ಸುಮಾರಿಗೆ 5 ರೂಪಾಯಿಯನ್ನು ಸ್ಟೀಲಿನಲ್ಲೇ ಹೊಡೆದಿದ್ದಾರೆ, 6 ಗ್ರಾಂ. ಅದಕ್ಕೂ ಹಿಂದಿನದು ತಾಮ್ರ-ನಿಕ್ಕಲ್, 9 ಗ್ರಾಂ, ದಪ್ಪಗೆ, ಅಂಚಿನ ಮಧ್ಯೆ ಕಾಲುವೆಯಂಥ ಗೆರೆ. ಆ ದಪ್ಪ ನಾಣ್ಯದಲ್ಲಿ ಅಂಚಿನ ಗೆರೆ ಪೂರ್ತಿ ಇಲ್ಲದೇ ಇದ್ದರೆ ಮಾತ್ರ ಎತ್ತಿಡಿ, ಅದು ನೋಡುವಂಥದ್ದು. ಅಯಸ್ಕಾಂತ ಇಲ್ಲಿ ಉಪಯೋಗಕ್ಕೆ ಬರುತ್ತೆ, ನಮ್ಮ ಸ್ಟೀಲ್ ನಾಣ್ಯ ಅಂಟುತ್ತೆ, ತಾಮ್ರ-ನಿಕ್ಕಲ್ ಅಂಟಲ್ಲ.

ಇನ್ನು ಡೈ ತಪ್ಪು. ಲಕ್ಷಾಂತರ ಏಟು ಹೊಡೆದ ಡೈ ಬಿರುಕು ಬಿಡುತ್ತೆ. ಡೈನಲ್ಲಿ ಬಿರುಕು ತಗ್ಗು, ಹಾಗಾಗಿ ನಾಣ್ಯದ ಮೇಲೆ ಅದು ಉಬ್ಬಿದ ಗೆರೆ. ನಾಣ್ಯದಲ್ಲಿ ಗೆರೆ ತಗ್ಗಾಗಿದ್ದರೆ ಅದು ಗೀರು, ಯಾರೋ ಗೀಚಿದ್ದು. ಇದೊಂದನ್ನು ಬೆರಳಿನ ಉಗುರಿಂದಲೇ ಪರೀಕ್ಷೆ ಮಾಡಬಹುದು. ಡೈನ ಅಂಚಿನ ಚೂರೇ ಕಿತ್ತುಹೋದರೆ ನಾಣ್ಯದ ಅಂಚಲ್ಲಿ ಚಿತ್ರವಿಲ್ಲದ ಉಬ್ಬು ಬರುತ್ತೆ, ಇದಕ್ಕೆ ಕಡ್ ಅನ್ನೋ ಹೆಸರಿದೆ, ಬರೀ ಬಿರುಕಿಗಿಂತ ಇದರ ಬೆಲೆ ಜಾಸ್ತಿ.

ಅಮೆರಿಕದ 1937ರ, ಡೆನ್ವರ್ ಟಂಕಸಾಲೆಯ ಕಾಡೆಮ್ಮೆ ನಿಕ್ಕಲ್ (ಅಲ್ಲಿನ 5 ಸೆಂಟ್ ನಾಣ್ಯ) ಕೇಳಿರಬಹುದು. ಡೈ ಮೇಲಿನ ಕಲೆ ತೆಗೆಯೋಕೆ ಅಂತ ಜಾಸ್ತಿ ಉಜ್ಜಿ, ಕಾಡೆಮ್ಮೆಯ ಒಂದು ಮುಂಗಾಲೇ ಮಾಯ ಆಯಿತು. ಮೂರು ಕಾಲಿನ ಆ ನಾಣ್ಯಕ್ಕೆ ಇವತ್ತಿಗೂ ಬೇಡಿಕೆ. ಅದರ ಹೆಸರಲ್ಲಿ, ಒಳ್ಳೆ ನಾಣ್ಯದ ಕಾಲು ಕೆರೆದು ಮಾರುವವರೂ ಇದ್ದಾರೆ. ಅದೇ ದೇಶದ 1955ರ ಲಿಂಕನ್ ಸೆಂಟ್ ಇನ್ನೊಂದು ಥರ. ಡೈ ತಯಾರಿಸುವಾಗಲೇ ಚಿತ್ರವನ್ನು ಎರಡನೇ ಸಲ ಒತ್ತಿದಾಗ ಸ್ವಲ್ಪ ತಿರುಗಿಬಿಟ್ಟಿತ್ತು, ಅಕ್ಷರ, ಇಸವಿ ಎಲ್ಲ ಎರಡೆರಡು. ಇದನ್ನು ಡಬಲ್ಡ್ ಡೈ ಅಂತಾರೆ. ನಮ್ಮ 1 ರೂಪಾಯಿಯಲ್ಲಿ ಅಕ್ಷರದ ಪಕ್ಕ ನೆರಳಿನ ಹಾಗೆ ಕಾಣೋದು ಬಹುತೇಕ ಇದಲ್ಲ. ಏಟು ಬಿದ್ದ ಮೇಲೆ ಡೈ ಅಲುಗಿ ಅಕ್ಷರದ ಬದಿ ಚಪ್ಪಟೆಯಾಗಿ ಮೆಟ್ಟಿಲಿನ ಥರ ಆಗಿರುತ್ತೆ ಅಷ್ಟೇ. ಅದಕ್ಕೆ ಬೆಲೆ ಇಲ್ಲ. ನಿಜವಾದ ಡಬಲ್ಡ್ ಡೈಯಲ್ಲಿ ಎರಡನೇ ಅಕ್ಷರವೂ ದುಂಡಗೆ ಪೂರ್ತಿ ಎತ್ತರಕ್ಕೆ ಇರುತ್ತೆ, ಮೂಲೆಯಲ್ಲಿ ಸೀಳು ಕಾಣುತ್ತೆ.

ಏಟಿನ ತಪ್ಪುಗಳೇ ನೋಡೋಕೆ ಚಂದ. ಬಿಲ್ಲೆ ಸರಿಯಾಗಿ ಕೂರದೆ ಏಟು ಬಿದ್ದರೆ ಚಿತ್ರ ಒಂದು ಪಕ್ಕಕ್ಕೆ ಹೋಗಿ, ಇನ್ನೊಂದು ಪಕ್ಕ ಖಾಲಿ ಅರ್ಧಚಂದ್ರ ಉಳಿಯುತ್ತೆ. ಇಸವಿ ಕಾಣುವ ಹಾಗೆ ಅರ್ಧ ಸರಿದ ನಾಣ್ಯಕ್ಕೆ ಜಾಸ್ತಿ ಗೌರವ, ಇಸವಿಯೇ ಹೊರಗೆ ಹೋಗಿದ್ದರೆ ಕಡಿಮೆ. ಕಾಲರ್ ಕೆಲಸ ಮಾಡದಿದ್ದರೆ ನಾಣ್ಯ ಅಗಲವಾಗಿ, ತೆಳ್ಳಗೆ ಹರಡುತ್ತೆ. ಹೊಡೆದ ನಾಣ್ಯ ಹೊರಗೆ ಬೀಳದೆ ಡೈಗೇ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ಅದೇ ಅಚ್ಚಿನ ಕೆಲಸ ಮಾಡಿದರೆ ಒಂದು ಮುಖ ಸರಿ, ಇನ್ನೊಂದು ಮುಖದಲ್ಲಿ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ಸಿಂಹದ ಹಿಂದೆ ಒಳಗೆ ಹೋದ ಸಿಂಹ! ಇಂಗ್ಲಿಷಿನವರು ಬ್ರಾಕೇಜ್ ಅಂತಾರೆ, ನಮ್ಮ ದೇಶದ ವ್ಯಾಪಾರಿಗಳು ಲಖಿ ಅಂತಾರೆ. ಸಿಕ್ಕರೆ ಬಿಡಬೇಡಿ. ಆದರೆ ಎರಡು ನಾಣ್ಯವನ್ನು ವೈಸ್‌ನಲ್ಲಿ ಇಟ್ಟು ಒತ್ತಿದ ನಕಲಿಯೂ ಇದೆ. ಅದರಲ್ಲಿ ಮೊದಲಿದ್ದ ಚಿತ್ರದ ಅವಶೇಷ ಅಡಿಯಲ್ಲಿ ಕಾಣುತ್ತೆ, ಹಿಂದಿನ ಮುಖ ಚಪ್ಪಟೆಯಾಗಿರುತ್ತೆ.

10 ರೂಪಾಯಿಯಲ್ಲಿ ಮಧ್ಯದ ಬಿಳಿ ಬಿಲ್ಲೆ ಪಕ್ಕಕ್ಕೆ ಸರಿದು ಹೊರಗಿನ ಹಳದಿ ಬಳೆ ಒಂದು ಕಡೆ ತೆಳ್ಳಗೆ ಆಗಿದ್ದರೆ ಅದು ಒಳ್ಳೆಯ ಎರರ್. ಮಧ್ಯದ ಬಿಲ್ಲೆಯೇ ಇಲ್ಲ ಅಂದರೆ ಅನುಮಾನ ಪಡಿ. ಬಿಲ್ಲೆಯಿಲ್ಲದೆಯೇ ಏಟು ಬಿದ್ದಿದ್ದರೆ ಬಳೆಯ ಲೋಹ ಒಳಗಡೆಗೆ ಸ್ವಲ್ಪ ಹರಿದಿರಬೇಕು. ಒಳ ಅಂಚು ನೀಟಾಗಿದ್ದು ಗೀರು ಬಿದ್ದಿದ್ದರೆ ಯಾರೋ ಕುಟ್ಟಿ ತೆಗೆದಿದ್ದಾರೆ.

ತಿರುಗಿದ ಡೈ, ಇದನ್ನು ಬೇರೆಯಾಗಿಯೇ ಹೇಳಬೇಕು

ಚಿಲ್ಲರೆಯಲ್ಲಿ ನಿಮಗೆ ಮೊದಲು ಸಿಗುವ ಎರರ್ ಬಹುಶಃ ಇದೇ. ಸಿಂಹದ ಮುಖ ನೆಟ್ಟಗೆ ಹಿಡಿಯಿರಿ. ಎಡ ಬಲ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಪುಸ್ತಕದ ಹಾಳೆ ತಿರುಗಿಸಿದಂತೆ ಪಕ್ಕಕ್ಕೆ ತಿರುಗಿಸಿ. ಹಿಂದಿನ ಮುಖವೂ ನೆಟ್ಟಗೇ ಇರಬೇಕು. ನಮ್ಮ ಗಣರಾಜ್ಯದ ನಾಣ್ಯಗಳ ಪದ್ಧತಿ ಇದು. ಓರೆಯಾಗಿದ್ದರೆ, ತಲೆಕೆಳಗಾಗಿದ್ದರೆ, ಒಂದು ಡೈ ತನ್ನ ಜಾಗದಲ್ಲಿ ಸಡಿಲವಾಗಿ ತಿರುಗಿದೆ ಅಂತ. ಹತ್ತು ಹದಿನೈದು ಡಿಗ್ರಿ ಓರೆ ಇದ್ದರೆ ಯಾರೂ ಕೇಳಲ್ಲ, ಅಷ್ಟು ಮಾಮೂಲಿ. 90 ಡಿಗ್ರಿ ಅಥವಾ 180 ಡಿಗ್ರಿ ಇದ್ದರೆ ಇಟ್ಟುಕೊಳ್ಳಿ.

ಈಗ ಅಮೆರಿಕದ ಕ್ವಾರ್ಟರ್, ಅಂದರೆ 25 ಸೆಂಟ್ ನಾಣ್ಯ ತಗೊಂಡು ಇದೇ ಪರೀಕ್ಷೆ ಮಾಡಿ. ಹಿಂದಿನ ಮುಖ ಪೂರ್ತಿ ತಲೆಕೆಳಗೆ! ಎರರ್ ಅಲ್ಲ. ಅವರ ಎಲ್ಲಾ ನಾಣ್ಯ ಹಾಗೇ, ಮೇಲಿಂದ ಕೆಳಕ್ಕೆ ತಿರುಗಿಸಿದರೆ ನೆಟ್ಟಗೆ ಕಾಣುವ ಹಾಗೆ ಡೈ ಕೂರಿಸ್ತಾರೆ. ಬ್ರಿಟನ್ನಿನದು, ಯೂರೋ, ಜಪಾನಿನದು ನಮ್ಮ ಥರ. ಅಮೆರಿಕದ ನಾಣ್ಯ ನಮ್ಮ ಥರ ನೆಟ್ಟಗೆ ಇದ್ದರೇ ಅದು 180 ಡಿಗ್ರಿ ಎರರ್. ಅಲ್ಲಿ ಸರಿಯಾದ್ದು ಇಲ್ಲಿ ತಪ್ಪು, ಇಲ್ಲಿ ಸರಿಯಾದ್ದು ಅಲ್ಲಿ ತಪ್ಪು. ಒಂದು ಕ್ವಾರ್ಟರ್ ಕೈಯಲ್ಲಿ ಹಿಡಿದು ಇದನ್ನು ನೋಡಿದವರಿಗೆ ಮುಂದಿನ ಭಾಗ ಯಾಕೆ ಬರೆದೆ ಅಂತ ಹೇಳಬೇಕಾಗಿಲ್ಲ.

ದೇಶ ದೇಶದ ನಾಣ್ಯ ಪಕ್ಕಪಕ್ಕ ಇಡೋದು

ಪರದೇಶದ ನಾಣ್ಯ ಕೊಳ್ಳೋಕೆ ಹೋಗಬೇಡಿ, ಮೊದಲು ಕೇಳಿ. ಸೌದಿ, ದುಬೈನಲ್ಲಿ ಕೆಲಸ ಮಾಡಿ ಬಂದವರು ಪ್ರತಿ ಬೀದಿಯಲ್ಲಿದ್ದಾರೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋಗಿ ಬಂದ ದೊಡ್ಡಮ್ಮನ ಪರ್ಸಿನ ಮೂಲೆಯಲ್ಲಿ ನಾಕಾರು ಸೆಂಟ್ ಇದ್ದೇ ಇರುತ್ತೆ. ವಿಮಾನ ನಿಲ್ದಾಣದಲ್ಲಿ ನೋಟು ಬದಲಾಯಿಸಿ ಕೊಡ್ತಾರೆ, ನಾಣ್ಯ ತಗೊಳ್ಳಲ್ಲ, ಹಾಗಾಗಿ ಅವೆಲ್ಲ ಮನೆಗೇ ಬರೋದು.

ದೇಶಕ್ಕೊಂದು ಪುಟ ಅಂತ ಆಲ್ಬಮ್ ತುಂಬಿಸೋದು ನನಗೆ ಅಷ್ಟು ಇಷ್ಟ ಇಲ್ಲ, ಸುಮ್ನೆ ಪಟ್ಟಿ ಆಗುತ್ತೆ. ಒಂದು ಪ್ರಶ್ನೆ ಇಟ್ಟುಕೊಂಡು ಜೋಡಿಸಿ.

ಆಕಾರದ ಪ್ರಶ್ನೆ ತಗೊಳ್ಳಿ. ನಮ್ಮ 20 ರೂಪಾಯಿಗೆ 12 ಮೂಲೆ, ಎರಡು ಲೋಹ, 27 ಮಿಲಿಮೀಟರ್, 8.54 ಗ್ರಾಂ. 2017ರಲ್ಲಿ ಬಂದ ಬ್ರಿಟನ್ನಿನ 1 ಪೌಂಡಿಗೂ 12 ಮೂಲೆ, ಎರಡು ಲೋಹ, 23.43 ಮಿಲಿಮೀಟರ್, 8.75 ಗ್ರಾಂ. ಸಣ್ಣದಾದರೂ ತೂಕ ಜಾಸ್ತಿ, ಅಂದರೆ ಅದು ಎಷ್ಟು ದಪ್ಪ ಅಂತ ಕೈಗೇ ಗೊತ್ತಾಗುತ್ತೆ. ಅದರ ಅಂಚಲ್ಲಿ ಒಂದು ಬದಿ ಬಿಟ್ಟು ಒಂದು ಬದಿಗೆ ಗೆರೆ ಇದೆ, ನಮ್ಮದು ನುಣುಪು. ಅಂಚು ನುಣುಪಾಗಿದೆ ಅಂತ 20 ರೂಪಾಯಿಯನ್ನು ಎರರ್ ಅನ್ನಬೇಡಿ. ಹಾಗೇ ನಮ್ಮ ಹಳೆಯ, ಭಾರತದ ನಕ್ಷೆ ಇರುವ 2 ರೂಪಾಯಿಗೆ 11 ಮೂಲೆ. 1987ರಿಂದ ಬಂದ ಕೆನಡಾದ 1 ಡಾಲರಿಗೂ 11. ಬ್ರಿಟನ್ನಿನ 50 ಪೆನ್ಸ್‌ಗೆ 1969ರಿಂದ 7 ಮೂಲೆ, ಆದರೆ ಯಾವ ಕಡೆಯಿಂದ ಅಳೆದರೂ ಅಗಲ ಒಂದೇ ಬರುವ ಹಾಗೆ ಬದಿಗಳನ್ನು ಬಾಗಿಸಿದ್ದಾರೆ. ನಾಣ್ಯ ಹಾಕುವ ಯಂತ್ರಗಳು ಅದನ್ನು ದುಂಡನೆ ನಾಣ್ಯದ ಹಾಗೇ ಅಳೆಯಲಿ ಅಂತ. ಸ್ಕೇಲು ಇಟ್ಟು ಅಳೆದು ನೋಡಿ, ಮಕ್ಕಳಿಗಂತೂ ತುಂಬಾ ಇಷ್ಟ ಆಗುತ್ತೆ.

ತೂತಿನ ಪ್ರಶ್ನೆ. ಜಪಾನಿನ 5 ಯೆನ್ ಮತ್ತು 50 ಯೆನ್‌ಗೆ ನಡುವೆ ತೂತು, ಅದು ವಿನ್ಯಾಸವೇ. ನಮ್ಮಲ್ಲೂ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಿಂದ, ಲೋಹ ಉಳಿಸೋಕೆ ಅಂತ ತೂತಿನ ಕಾಸು ಬಂತು, ಅಜ್ಜಿಯರು ಇವತ್ತಿಗೂ ಅದನ್ನು ನೆನೆಸ್ತಾರೆ. ಆದರೆ 1 ರೂಪಾಯಿಯ ಮಧ್ಯೆ ತೂತು ಇದ್ದರೆ ಅದು ಡ್ರಿಲ್ಲಿಂಗ್ ಮಿಷಿನ್ನಿನ ಕೆಲಸ, ತಾಯತಕ್ಕೋ ದಾರಕ್ಕೋ ಕೊರೆದಿರ್ತಾರೆ.

ಇಸವಿಯ ಪ್ರಶ್ನೆ ಇನ್ನೂ ಮಜಾ. ನೇಪಾಳದ ನಾಣ್ಯದಲ್ಲಿ 2075 ಅಂತ ಇದ್ದರೆ ಯಾರೂ ಭವಿಷ್ಯದಿಂದ ತಂದಿಲ್ಲ, ಅದು ವಿಕ್ರಮ ಶಕೆ, ಸುಮಾರು 57 ಕಳೆಯಿರಿ. ಥಾಯ್ಲೆಂಡಿನದು ಬುದ್ಧ ಶಕೆ, 543 ಕಳೆಯಿರಿ. ಸೌದಿಯಲ್ಲಿ ಹಿಜರಿ, 1438 ಅಂದರೆ ನಮ್ಮ 2016-17. ಜಪಾನಿನಲ್ಲಿ ಚಕ್ರವರ್ತಿಯ ಆಳ್ವಿಕೆಯ ವರ್ಷ, ಹಾಗಾಗಿ 2019ರ ಮೇ ನಂತರ ಎಣಿಕೆ ಮತ್ತೆ ಒಂದರಿಂದ ಶುರು. ಇಸವಿಯೇ ಇಲ್ಲದ ನಾಣ್ಯವೂ ಒಂದು ಇದೆ, ಅದು ನಿಜವಾದ ತಪ್ಪು. 2008ರಲ್ಲಿ ಬ್ರಿಟನ್ನಿನವರು ವಿನ್ಯಾಸ ಬದಲಾಯಿಸಿ, 20 ಪೆನ್ಸ್‌ನಲ್ಲಿ ಇಸವಿಯನ್ನು ಹಿಂದಿನ ಮುಖದಿಂದ ರಾಣಿಯ ಮುಖಕ್ಕೆ ತಂದರು. ಆಗ ಯಾರೋ ಹೊಸ ಹಿಂಭಾಗದ ಡೈ ಜೊತೆ ಹಳೆ ರಾಣಿಯ ಡೈ ಹಾಕಿದರು. ಎರಡೂ ಕಡೆ ಇಸವಿ ಇಲ್ಲ! 50 ಸಾವಿರದಿಂದ 2 ಲಕ್ಷ ಹೋಗಿರಬಹುದು ಅಂತ ಅಲ್ಲಿನ ರಾಯಲ್ ಮಿಂಟಿನ ಅಂದಾಜು. ಜೋಡಿ ತಪ್ಪಿದ ಇಂಥ ಡೈಗಳ ನಾಣ್ಯಕ್ಕೆ ಮ್ಯೂಲ್ ಅಂತಾರೆ. ಚಿಲಿ ದೇಶದ 2008ರ 50 ಪೆಸೊದಲ್ಲಿ ಇನ್ನೊಂದು ಮಜಾ, ದೇಶದ ಹೆಸರಿನ ಕಾಗುಣಿತವೇ ತಪ್ಪು, 'ಎಲ್' ಇರಬೇಕಾದ ಕಡೆ 'ಐ'. ಟಂಕಸಾಲೆಯ ಮುಖ್ಯಸ್ಥರ ಕೆಲಸ ಹೋಯಿತು.

ಪ್ರಾಣಿ, ಗಿಡ, ಮುಖ ಅಂತಲೂ ಜೋಡಿಸಬಹುದು. ನಮ್ಮ 1988ರಿಂದ ಬಂದ 25 ಪೈಸೆಯ ಖಡ್ಗಮೃಗದ ಪಕ್ಕ ಯುಎಇಯ 25 ಫಿಲ್ಸ್‌ನ ಜಿಂಕೆ ಇಟ್ಟು ನೋಡಿ, ಎರಡೂ ತಮ್ಮ ತಮ್ಮ ದೇಶದ ಹಣದ ಕಾಲು ಭಾಗದ ಸಣ್ಣ ನಾಣ್ಯ. ಯುಎಇಯ 1 ದಿರ್ಹಂನಲ್ಲಿ ಕಾಫಿ ಹೂಜಿ. ಗ್ರೀಸಿನ 1 ಯೂರೋದಲ್ಲಿ ಗೂಬೆ, ಅದು ಪ್ರಾಚೀನ ಅಥೆನ್ಸ್ ನಾಣ್ಯದಲ್ಲಿದ್ದ ಗೂಬೆಯೇ. ಯೂರೋ ನಾಣ್ಯದ ಒಂದು ಮುಖ ಎಲ್ಲಾ ದೇಶಕ್ಕೂ ಒಂದೇ, ಇನ್ನೊಂದು ಮುಖ ಆಯಾ ದೇಶದ್ದು. ಬೆಲೆ ಬರೆಯುವ ರೀತಿ ನೋಡಿ: ಅಮೆರಿಕದ 10 ಸೆಂಟ್ ನಾಣ್ಯವಾದ ಡೈಮ್‌ನಲ್ಲಿ 10 ಅನ್ನೋ ಅಂಕಿಯೇ ಇಲ್ಲ, ಬರೀ ಅಕ್ಷರ. ನಮ್ಮಲ್ಲಿ 2007ರ ಸಾಲಿನಲ್ಲಿ ಅಂಕಿ ಜೊತೆಗೆ ಬೆರಳೂ ಇತ್ತು, ಒಂದಕ್ಕೆ ಹೆಬ್ಬೆರಳು, ಎರಡಕ್ಕೆ ಎರಡು ಬೆರಳು. ಭಾಷೆ ಮಾತ್ರ ಹಿಂದಿ, ಇಂಗ್ಲಿಷ್ ಎರಡೇ. ನೋಟಿನಲ್ಲಿ ಕನ್ನಡ ಇದೆ, ನಾಣ್ಯದಲ್ಲಿ ಇಲ್ಲ. ಕನ್ನಡ ಅಕ್ಷರದ ನಾಣ್ಯ ಬೇಕಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನವರೆಗೆ ಹಿಂದೆ ಹೋಗಬೇಕು.

ಹಿಂದೆ ಹೋಗೋದಾದರೆ ಚಿತ್ರದುರ್ಗಕ್ಕೇ ಹೋಗಬಹುದು. ಕೋಟೆಯ ಮೇಲೆ ಟಂಕಸಾಲೆ ಅಂತ ತೋರಿಸುವ ಮಣ್ಣಿನ ಗೋಡೆಯ ಕಟ್ಟಡ ಇದೆ. ಕೋಟೆಯ ಬುಡದ ಚಂದ್ರವಳ್ಳಿಯಲ್ಲಿ 1929ರಲ್ಲಿ ಪುರಾತತ್ವಜ್ಞ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಶಾತವಾಹನರ ಕಾಲದ ಸೀಸದ ನಾಣ್ಯಗಳೂ, ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಇವುಗಳ ಚಿತ್ರಗಳನ್ನು ಪಕ್ಕಪಕ್ಕ ನೋಡಿ. ರೋಮಿನ ಬೆಳ್ಳಿಯಲ್ಲಿ ಚಕ್ರವರ್ತಿಯ ತಲೆ, ನಮ್ಮ ಸೀಸದಲ್ಲಿ ಗೂಳಿ, ಬೋಧಿವೃಕ್ಷ, ಗುಡ್ಡ. ಆಗ ಕೈಯಲ್ಲಿ ಸುತ್ತಿಗೆ ಹಿಡಿದು ಹೊಡೀತಿದ್ದರಲ್ವಾ, ಹಾಗಾಗಿ ಚಿತ್ರ ಪಕ್ಕಕ್ಕೆ ಸರಿದಿರೋದು ಆ ಕಾಲದ ನಾಣ್ಯದಲ್ಲಿ ಎರರ್ ಅಲ್ಲವೇ ಅಲ್ಲ, ನೆಟ್ಟಗೆ ಕೂತಿರೋದೇ ಅಪರೂಪ.

ಅಲ್ಲಿಗೆ ಹೋದಾಗ ನೆಲ ಕೆದಕಬೇಡಿ. ಹೊಲದಲ್ಲಿ ಉಳುವಾಗ ಹಳೆ ನಾಣ್ಯದ ಗಡಿಗೆ ಸಿಕ್ಕರೂ ನಿಧಿ ಕಾಯ್ದೆ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು. 100 ವರ್ಷ ದಾಟಿದ ನಾಣ್ಯವನ್ನು ದೇಶದಿಂದ ಹೊರಗೆ ಸಾಗಿಸೋಕೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಬಿಡಲ್ಲ.

ಟಂಕಸಾಲೆಯ ಗುರುತು ಮತ್ತು ಸುಳ್ಳು ಸುದ್ದಿ

ಇಸವಿಯ ಕೆಳಗೆ ನೋಡಿ. ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡನೆ ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. 'ಮಿಂಟ್ ಮಾರ್ಕ್ ಇಲ್ಲದ ಅಪರೂಪದ ನಾಣ್ಯ' ಅಂತ ಮಾರುವವರು ಕೋಲ್ಕತ್ತದ ನಾಣ್ಯ ಮಾರ್ತಿರ್ತಾರೆ. ನೋಯ್ಡಾದ ಚುಕ್ಕಿಯನ್ನು ಡೈ ಚೂರು ಕಿತ್ತದ್ದು ಅಂದುಕೊಳ್ಳೋರೂ ಇದ್ದಾರೆ. ಹಳೆಯ ಹೈದರಾಬಾದ್ ನಾಣ್ಯದಲ್ಲಿ ನಕ್ಷತ್ರದ ಬದಲು ಬೇರೆ ಗುರುತೂ ಬರುತ್ತೆ. 1980 ಮತ್ತು 90ರ ದಶಕದಲ್ಲಿ ಚಿಲ್ಲರೆ ಸಾಲದೆ ಹೊರದೇಶದಲ್ಲೂ ನಮ್ಮ ನಾಣ್ಯ ಹೊಡೆಸಿದ್ದರು. ಸ್ಲೊವಾಕಿಯಾದ ಕ್ರೆಮ್ನಿಟ್ಸಾ ಟಂಕಸಾಲೆಯ 'ಎಂಕೆ' ಅನ್ನೋ ಗುರುತಿನ 1 ರೂಪಾಯಿ ಚಿಲ್ಲರೆಯಲ್ಲಿ ಸಿಗಬಹುದು. ಅದು ತಪ್ಪಲ್ಲ, ಆದರೂ ಎತ್ತಿಡಿ.

10 ರೂಪಾಯಿ ವಿಷಯಕ್ಕೆ ಬರ್ತೀನಿ. ಬೆಲೆ ಬರೆದ ಮುಖದಲ್ಲಿ ಕಿರಣಗಳ ಹಾಗೆ ಇರುವ ಗೆರೆ 15 ಇದ್ದದ್ದು ನಕಲಿ, 10 ಇದ್ದದ್ದು ಅಸಲಿ ಅನ್ನೋ ಮಾತು ಸುಳ್ಳು. ರೂಪಾಯಿ ಚಿಹ್ನೆ ಬರುವ ಮೊದಲಿನ ವಿನ್ಯಾಸದಲ್ಲಿ 15, ಚಿಹ್ನೆ ಬಂದ ಮೇಲೆ 10, ಅಷ್ಟೇ. 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್ ಆವರೆಗಿನ 14 ವಿನ್ಯಾಸಗಳೂ ನಡೆಯುತ್ತವೆ ಅಂತ ಹೇಳಿದೆ. ಆ 14ನ್ನು ಕೂಡಿಸೋದೇ ಹೊಸಬರಿಗೆ ಒಳ್ಳೆ ಗುರಿ, ಖರ್ಚು 140 ರೂಪಾಯಿ.

ವೈಷ್ಣೋದೇವಿ ಚಿತ್ರದ 5 ಮತ್ತು 10 ರೂಪಾಯಿಗೆ ಲಕ್ಷ ಕೊಡ್ತೀವಿ ಅನ್ನೋ ಜಾಹೀರಾತು ನಂಬಬೇಡಿ. ಆ ನಾಣ್ಯವನ್ನು ಚಲಾವಣೆಗೇ ಬಿಟ್ಟಿದ್ದು, ಅಂಥ ಬೆಲೆ ಅದಕ್ಕಿಲ್ಲ. ಇಂಥವರು ಮಾಡೋದು ಒಂದೇ: ಮೊದಲು ನೋಂದಣಿ ಶುಲ್ಕ, ಆಮೇಲೆ ಟ್ಯಾಕ್ಸು, ಆಮೇಲೆ ಕಮಿಷನ್, ಹೀಗೆ ನಿಮ್ಮ ಹತ್ತಿರವೇ ಕೀಳ್ತಾರೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿದರಂತೂ ಫೋನ್ ಇಟ್ಟುಬಿಡಿ. ಹಳೆ ನಾಣ್ಯ, ನೋಟಿನ ವ್ಯಾಪಾರದಲ್ಲಿ ನಾವು ಇಲ್ಲ, ಯಾರಿಗೂ ಶುಲ್ಕ ವಸೂಲಿ ಮಾಡೋಕೆ ಹೇಳಿಲ್ಲ ಅಂತ 2021ರ ಆಗಸ್ಟ್‌ನಲ್ಲಿ ಅದೇ ಬ್ಯಾಂಕ್ ಎಚ್ಚರಿಕೆ ಕೊಟ್ಟಿದೆ. ಕೊಳ್ಳುವವನು ದುಡ್ಡು ಕೊಡಬೇಕೇ ಹೊರತು ಕೇಳಬಾರದು.

ಇಡೋದು, ಬರೆಯೋದು, ಮಾರೋದು

ಸಿಕ್ಕ ದಿನವೇ ಬರೆದಿಡಿ. ಬೆಲೆ, ಇಸವಿ, ಟಂಕಸಾಲೆ, ತೂಕ, ಅಗಲ, ಏನು ತಪ್ಪು, ಎಷ್ಟು ಡಿಗ್ರಿ. ಪಕ್ಕದಲ್ಲಿ ಅದೇ ಇಸವಿಯ, ಅದೇ ಟಂಕಸಾಲೆಯ ಒಂದು ಸರಿ ನಾಣ್ಯವನ್ನೂ ಇಡಿ. ಇದನ್ನು ತುಂಬಾ ಜನ ಮಾಡಲ್ಲ, ಆದರೆ ತಪ್ಪು ನಾಣ್ಯ ಒಂದೇ ಇದ್ದರೆ ನೋಡುವವರಿಗೆ ಏನು ತಪ್ಪಾಗಿದೆ ಅಂತಲೇ ಗೊತ್ತಾಗಲ್ಲ. ಮೆತ್ತನೆ ಪಿವಿಸಿ ಪ್ಲಾಸ್ಟಿಕ್ಕಿನ ಆಲ್ಬಮ್ ಬೇಡ, ವರ್ಷ ಕಳೆದಂತೆ ಅದು ಜಿನುಗಿ ನಾಣ್ಯಕ್ಕೆ ಹಸಿರು ಅಂಟು ಹಿಡಿಸುತ್ತೆ. ಗಟ್ಟಿ ಕ್ಯಾಪ್ಸೂಲ್ ಅಥವಾ ಕಾಗದದ ಸಣ್ಣ ಲಕೋಟೆ ಸಾಕು. ಮಳೆಗಾಲದಲ್ಲಿ ಡಬ್ಬಿಯೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹಿಡಿಯುವಾಗ ಅಂಚಲ್ಲಿ ಹಿಡಿಯಿರಿ, ಮಿರ್ಚಿ ತಿಂದ ಕೈಯಲ್ಲಿ ಬೇಡ.

ಮಾರುವ ಮನಸ್ಸಿದ್ದರೆ ಬೆಂಗಳೂರಿನ ನಾಣ್ಯ ಪ್ರದರ್ಶನಗಳಿಗೆ ಹೋಗಿ ಒಬ್ಬರಲ್ಲ, ಮೂರು ನಾಲ್ಕು ವ್ಯಾಪಾರಿಗಳಿಗೆ ತೋರಿಸಿ. ಆನ್‌ಲೈನಿನಲ್ಲಿ ಜನ ಕೇಳುವ ಬೆಲೆ ನೋಡಬೇಡಿ, ಹರಾಜಿನಲ್ಲಿ ನಿಜವಾಗಿ ಹೋದ ಬೆಲೆ ನೋಡಿ. ಸಣ್ಣ ಬಿರುಕು, ಸ್ವಲ್ಪ ತಿರುಗಿದ ಡೈ ಇವಕ್ಕೆ ಹತ್ತಿಪ್ಪತ್ತು ರೂಪಾಯಿ ಸಿಕ್ಕರೂ ಸಂತೋಷ ಪಡಿ. ಲಖಿ, ಅರ್ಧ ಸರಿದ ನಾಣ್ಯ, ಬೇರೆ ಬಿಲ್ಲೆಯ ಮೇಲೆ ಬಿದ್ದ ಅಚ್ಚು, ಇವು ಸಿಕ್ಕರೆ ಆತುರ ಪಡಬೇಡಿ, ಫೋಟೊ ತೆಗೆದು ತೂಕ ಬರೆದು ಮೊದಲು ಅನುಭವ ಇರುವ ಸಂಗ್ರಾಹಕರಿಗೆ ತೋರಿಸಿ. ಮತ್ತೆ ಎರರ್ ಕಾಣಲಿ ಅಂತ ನಾಣ್ಯ ಕತ್ತರಿಸೋದು, ಕರಗಿಸೋದು, ರೈಲು ಹಳಿ ಮೇಲೆ ಇಡೋದು ಮಾಡಬೇಡಿ. ಹಳಿ ಹತ್ತಿರ ಜೀವಕ್ಕೇ ಅಪಾಯ, ನಾಣ್ಯ ಕರಗಿಸೋದು, ಹಾಳು ಮಾಡೋದು 2011ರ ನಾಣ್ಯ ಕಾಯ್ದೆ ಪ್ರಕಾರ ಅಪರಾಧ, ಮತ್ತು ಲೂಪ್ ಹಿಡಿದ ಯಾರಾದರೂ ಅಂಥದ್ದನ್ನು ಒಂದೇ ನಿಮಿಷಕ್ಕೆ ಹಿಡಿದು ಹಾಕ್ತಾರೆ.